ದೂರ ಹಾರಿದ್ದು ಸರಿ, ಮೊಣಕಾಲು ಕೆಲಸ ಮಾಡಿತಾ?

ನೆಲದ ಮೇಲೆ ಅಳತೆ ಟೇಪು ಹಾಸಿತ್ತು. ಹುಡುಗಿ ಒಂಟಿ ಕಾಲಲ್ಲಿ ನಿಂತು, ಒಮ್ಮೆ ಉಸಿರೆಳೆದುಕೊಂಡು ಮುಂದಕ್ಕೆ ಹಾರಿದಳು. ಎಡಗಾಲಲ್ಲಿ 150 ಸೆಂಟಿಮೀಟರ್. ಆಪರೇಷನ್ ಆದ ಬಲಗಾಲಲ್ಲಿ 143. ಅಂದರೆ ನೂರಕ್ಕೆ 95.

"ಪಾಸಾದೆ ಅಲ್ವಾ ಮೇಡಂ?" ಅಂದಳು.

19 ವರ್ಷದ ವಾಲಿಬಾಲ್ ಆಟಗಾರ್ತಿ. ಮೊಣಕಾಲಿನೊಳಗೆ ಮೂಳೆಗಳನ್ನು ಹಿಡಿದಿಡುವ ಎಸಿಎಲ್ ಅನ್ನುವ ಲಿಗಮೆಂಟ್ (ಪಟ್ಟಿಯಂಥ ಕಟ್ಟು) ಹರಿದು, ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಗಾಯವಾದ ಕಾಲು ಇನ್ನೊಂದರ ಶೇಕಡಾ 90ರಷ್ಟಾದರೂ ಮಾಡಬೇಕು, ಆಗ ಆಟಕ್ಕೆ ಮರಳುವ ಮಾತು ಅನ್ನುವ ಲೆಕ್ಕ ಅವಳಿಗೂ ಗೊತ್ತು, ಅವಳ ಕೋಚ್‌ಗೂ ಗೊತ್ತು. ಮುಂದಿನ ತಿಂಗಳು ಟೂರ್ನಿ ಇತ್ತು.

ನಾನು ಟೇಪು ಸುತ್ತಿಟ್ಟು ಮೊಬೈಲ್ ತೆಗೆದೆ. "ಈಗ ಮುಂದಕ್ಕೆ ಬೇಡ. ಕೈ ಸೊಂಟದ ಮೇಲಿಟ್ಟುಕೊಂಡು, ನಿಂತಲ್ಲೇ ಮೇಲಕ್ಕೆ ಹಾರು. ಒಂದೊಂದೇ ಕಾಲಲ್ಲಿ" ಅಂದೆ. ಸೆಕೆಂಡಿಗೆ 240 ಫ್ರೇಮ್ ಹಿಡಿಯುವ ಸ್ಲೋ ಮೋಷನ್‌ನಲ್ಲಿ ವಿಡಿಯೊ ಮಾಡಿದೆ. ಆಮೇಲೆ ಇಬ್ಬರೂ ಕೂತು, ಕಾಲ್ಬೆರಳು ನೆಲ ಬಿಟ್ಟ ಫ್ರೇಮಿನಿಂದ ಮತ್ತೆ ನೆಲ ಮುಟ್ಟಿದ ಫ್ರೇಮಿನವರೆಗೆ ಎಣಿಸಿದೆವು. ಎಡಗಾಲು 106 ಫ್ರೇಮ್. ಬಲಗಾಲು 87.

ಗಾಳಿಯಲ್ಲಿದ್ದ ಸಮಯ ಗೊತ್ತಾದರೆ ಎತ್ತರ ಸಿಕ್ಕ ಹಾಗೆಯೇ. ಆ ಸೆಕೆಂಡುಗಳನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 1.226ರಿಂದ ಗುಣಿಸಿದರೆ ಎತ್ತರ ಮೀಟರಿನಲ್ಲಿ ಬರುತ್ತದೆ. ಮೇಲಕ್ಕೆಸೆದ ಕಲ್ಲಿಗೆ ಇರುವ ಲೆಕ್ಕವೇ ಮನುಷ್ಯನಿಗೂ. ಎಡಗಾಲು ಸುಮಾರು 24 ಸೆಂ.ಮೀ. ಹಾರಿತ್ತು. ಬಲಗಾಲು 16. ನೂರಕ್ಕೆ 67.

ಅದೇ ಹುಡುಗಿ, ಅದೇ ಕಾಲು, ಹತ್ತು ನಿಮಿಷದ ಅಂತರ. ಒಂದು ಪರೀಕ್ಷೆಯಲ್ಲಿ 95, ಇನ್ನೊಂದರಲ್ಲಿ 67. ಅವಳ ಮುಖ ಸಪ್ಪೆಯಾಯಿತು. ಇಂಥ ಮುಖಗಳನ್ನು ನಾನು ತುಂಬ ನೋಡಿದ್ದೇನೆ. ಪ್ರತಿ ಸಲವೂ ಬೇಸರವಾಗುತ್ತದೆ. ಆದರೂ ಈ ಪರೀಕ್ಷೆಯನ್ನು ಬಿಡುವುದಿಲ್ಲ.

ಯಾಕೆ ಹೀಗಾಗುತ್ತದೆ? ಹಾರುವಾಗ ಕಾಲಿನ ಮೂರು ಕೀಲುಗಳು ಕೆಲಸ ಹಂಚಿಕೊಳ್ಳುತ್ತವೆ: ಸೊಂಟದ ಕೀಲು, ಮೊಣಕಾಲು, ಪಾದದ ಕೀಲು. ಆದರೆ ಎಲ್ಲ ಹಾರಾಟದಲ್ಲೂ ಹಂಚಿಕೆ ಒಂದೇ ತರ ಇರುವುದಿಲ್ಲ. ಒಂಟಿ ಕಾಲಲ್ಲಿ ಮುಂದಕ್ಕೆ ಹಾರುವಾಗ ನೆಲವನ್ನು ತಳ್ಳುವ ಕೆಲಸದಲ್ಲಿ ಮೊಣಕಾಲಿನ ಪಾಲು ಸುಮಾರು ಶೇ. 13 ಮಾತ್ರ. ಉಳಿದದ್ದನ್ನೆಲ್ಲ ಸೊಂಟ ಮತ್ತು ಪಾದ ಮಾಡಿ ಮುಗಿಸುತ್ತವೆ. ಅದೇ ನಿಂತಲ್ಲೇ ಮೇಲಕ್ಕೆ ಹಾರುವಾಗ ಮೊಣಕಾಲಿನ ಪಾಲು ಮೂರರಲ್ಲಿ ಒಂದರಷ್ಟು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಗಾಯವಿಲ್ಲದ ಆಟಗಾರರಲ್ಲಿ ಇದನ್ನು ಅಳೆದು ತೋರಿಸಿತು. ಅದನ್ನು ಓದಿದ ದಿನ ನನ್ನ ಹಳೆಯ ಫೈಲುಗಳನ್ನೆಲ್ಲ ತೆಗೆದು ನೋಡಬೇಕು ಅನ್ನಿಸಿತ್ತು. ಎಷ್ಟು ಜನರನ್ನು ಬರೀ ಟೇಪಿನ ಮಾತು ನಂಬಿ ಕಳಿಸಿದ್ದೆನೋ!

ಮೊಣಕಾಲು ಮೈಗಳ್ಳನಾದರೂ ಮುಂದಕ್ಕೆ ಹಾರಿದ ದೂರ ಕಡಿಮೆ ಆಗುವುದಿಲ್ಲ. ಪಕ್ಕದ ಇಬ್ಬರು ಅದರ ಪಾಲಿನದನ್ನೂ ಹೊತ್ತುಬಿಡುತ್ತಾರೆ. ಇದು ರೋಗಿಯ ಮೋಸ ಅಲ್ಲ. ನೋವಿದ್ದ ದಿನಗಳಲ್ಲಿ ದೇಹ ಕಲಿತ ದಾರಿ. ನೋವು ಹೋದರೂ ದಾರಿ ಉಳಿಯುತ್ತದೆ.

ಹಾಗಂತ ಟೇಪಿನ ಪರೀಕ್ಷೆ ದಂಡ ಅಲ್ಲ. ಅದರಲ್ಲಿ ನೋಡಬೇಕಾದದ್ದು ಇಳಿಯುವ ಗಳಿಗೆಯನ್ನು. ಅದೇ ಅಧ್ಯಯನದಲ್ಲಿ, ಮುಂದಕ್ಕೆ ಹಾರಿ ಇಳಿಯುವಾಗ ವೇಗ ತಡೆಯುವ ಕೆಲಸದ ಶೇ. 65ರಷ್ಟು ಮೊಣಕಾಲಿನ ಪಾಲಿಗೆ ಬಂದಿತ್ತು. ತಳ್ಳುವಾಗ ಅಡಗಿ ಕೂತ ಮೊಣಕಾಲು ಇಳಿಯುವಾಗ ಸಿಕ್ಕಿಬೀಳುತ್ತದೆ. ಹುಡುಗಿಯ ವಿಡಿಯೊ ಮತ್ತೆ ಹಾಕಿ ನೋಡಿದೆವು. ಎಡಗಾಲಲ್ಲಿ ಇಳಿದಾಗ ಮೊಣಕಾಲು ಚೆನ್ನಾಗಿ ಬಗ್ಗಿತ್ತು, ಎದೆ ಮೇಲಿತ್ತು. ಬಲಗಾಲಲ್ಲಿ ಮೊಣಕಾಲು ಸ್ವಲ್ಪವೇ ಬಗ್ಗಿ ನಿಂತುಬಿಟ್ಟಿತ್ತು. ಅದರ ಬದಲು ಮೈಯೆಲ್ಲ ಮುಂದಕ್ಕೆ ಬಾಗಿತ್ತು.

ಈ ಬಾಗುವಿಕೆಯಲ್ಲೇ ಗುಟ್ಟಿದೆ. ಇಳಿಯುವಾಗ ನೆಲ ನಮ್ಮನ್ನು ಮೇಲಕ್ಕೆ ತಳ್ಳುತ್ತದೆ. ಆ ಬಲದ ಗೆರೆ ಒಂದು ಕೀಲಿನಿಂದ ಎಷ್ಟು ದೂರ ಹಾದುಹೋಗುತ್ತದೋ ಆ ಕೀಲಿಗೆ ಅಷ್ಟು ಜಾಸ್ತಿ ಹೊರೆ. ಮೈ ಮುಂದಕ್ಕೆ ಬಾಗಿದರೆ ಆ ಗೆರೆಯೂ ಮುಂದಕ್ಕೆ ಸರಿದು ಮೊಣಕಾಲಿಗೆ ಹತ್ತಿರವಾಗುತ್ತದೆ, ಸೊಂಟದ ಕೀಲಿನಿಂದ ದೂರವಾಗುತ್ತದೆ. ಮೊಣಕಾಲಿನ ಹೊರೆ ಇಳಿದು ಸೊಂಟಕ್ಕೆ ಹೋಯಿತು. ಮೊದಲ ತಿಂಗಳುಗಳಲ್ಲಿ ಇದು ಒಳ್ಳೆಯದೇ. ನಾವೇ ಹಾಗೆ ಹೇಳಿಕೊಡುತ್ತೇವೆ. ಎಂಟನೇ ತಿಂಗಳಲ್ಲೂ ಹಾಗೇ ಇದ್ದರೆ, ತೊಡೆಯ ಮುಂದಿನ ಸ್ನಾಯು ಇನ್ನೂ ಎಚ್ಚೆತ್ತಿಲ್ಲ ಅಂತ ಅರ್ಥ.

ಇಳಿಯುವುದರ ಭಾರ ಎಷ್ಟು ಅಂತ ತುಂಬ ಜನರಿಗೆ ಅಂದಾಜಿಲ್ಲ. 60 ಕೆ.ಜಿ. ತೂಕದವರು 30 ಸೆಂ.ಮೀ. ಎತ್ತರದಿಂದ ಇಳಿದರು ಅಂದುಕೊಳ್ಳಿ. ಪಾದ ನೆಲ ಮುಟ್ಟಿದ ಮೇಲೆ ದೇಹ 10 ಸೆಂ.ಮೀ. ಕುಸಿದು ನಿಂತರೆ, ಅಷ್ಟು ಹೊತ್ತು ಕಾಲುಗಳ ಮೇಲಿನ ಸರಾಸರಿ ಭಾರ ತೂಕದ 4 ಪಟ್ಟು, ಅಂದರೆ 240 ಕೆ.ಜಿ. ಅದೇ 30 ಸೆಂ.ಮೀ. ಕುಸಿದು ನಿಂತರೆ 2 ಪಟ್ಟು, 120 ಕೆ.ಜಿ. ಇದು ಸರಾಸರಿ. ಗರಿಷ್ಠ ಹೊಡೆತ ಇದಕ್ಕಿಂತ ಜಾಸ್ತಿ. ಎತ್ತರ ಬದಲಾಗಲಿಲ್ಲ, ತೂಕ ಬದಲಾಗಲಿಲ್ಲ, ನಿಲ್ಲಲು ತೆಗೆದುಕೊಂಡ ಜಾಗ ಮಾತ್ರ ಬದಲಾಯಿತು.

ಇದನ್ನು ಕಲಿಸುವಾಗ "ಮೊಣಕಾಲನ್ನು ಇಷ್ಟು ಡಿಗ್ರಿ ಬಗ್ಗಿಸು" ಅಂತ ನಾನು ಹೇಳುವುದಿಲ್ಲ. "ಸದ್ದಾಗದ ಹಾಗೆ ಇಳಿ" ಅನ್ನುತ್ತೇನೆ, ಅಷ್ಟೇ. ಕಾಲು ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಕಿವಿ ಒಳ್ಳೆಯ ಮೀಟರು. ಆ ದಿನ ನಾನು ಕಣ್ಣು ಮುಚ್ಚಿಕೊಂಡಿದ್ದರೂ ಅವಳು ಯಾವ ಕಾಲಲ್ಲಿ ಇಳಿದಳು ಅಂತ ಹೇಳಿಬಿಡುತ್ತಿದ್ದೆ.

ಆದರೆ ಮೆತ್ತಗೆ ಇಳಿಯುವುದೇ ಎಲ್ಲ ಅಲ್ಲ. ಇಲ್ಲಿ ಕೋಚ್‌ಗಳಿಗೂ ನಮಗೂ ಆಗಾಗ ಮಾತು ಬೆಳೆಯುತ್ತದೆ. ಅವರಿಗೆ ಬೇಕಾದದ್ದು ಪುಟಿಯುವ ಕಾಲು. ಅದೂ ಸರಿಯೇ.

ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಅರ್ಧ ಕುಕ್ಕರುಗಾಲಲ್ಲಿ ಕೂತು, ಮೂರು ಸೆಕೆಂಡು ಹಾಗೇ ನಿಂತು, ಆಮೇಲೆ ಹಾರಿ. ಇನ್ನೊಮ್ಮೆ, ನಿಂತಲ್ಲಿಂದ ಸರಕ್ಕನೆ ಬಗ್ಗಿ, ತಡಮಾಡದೆ ಹಾರಿ. ಎರಡನೆಯದು ಸಾಮಾನ್ಯವಾಗಿ ಕೆಲವು ಸೆಂಟಿಮೀಟರ್ ಜಾಸ್ತಿ ಬರುತ್ತದೆ. ಬಗ್ಗುವಾಗಲೇ ಸ್ನಾಯುಗಳು ಬಿಗಿಯಾಗಿ, ಮೇಲೇಳುವ ಮೊದಲೇ ಪೂರ್ತಿ ಬಲದಲ್ಲಿರುತ್ತವೆ. ಜೊತೆಗೆ ಸ್ನಾಯುವನ್ನು ಮೂಳೆಗೆ ಕಟ್ಟುವ ಟೆಂಡನ್ ಹಿಗ್ಗಿ, ಸ್ಪ್ರಿಂಗಿನ ಹಾಗೆ ಶಕ್ತಿ ಹಿಡಿದಿಟ್ಟು ವಾಪಸ್ ಕೊಡುತ್ತದೆ. ಇದಕ್ಕೆ ತಡ ಆಗಬಾರದು. ಮೂರು ಸೆಕೆಂಡು ನಿಂತರೆ ಆ ಲಾಭ ಕರಗಿಹೋಗುತ್ತದೆ. ಪಾದ ನೆಲದ ಮೇಲಿರುವ ಹೊತ್ತು ಕಾಲು ಸೆಕೆಂಡಿಗಿಂತ ಕಡಿಮೆ ಇದ್ದರೆ ವೇಗದ ಪುಟಿತ, ಜಾಸ್ತಿ ಇದ್ದರೆ ನಿಧಾನದ್ದು ಅಂತ ನಾವು ಬೇರೆ ಮಾಡುತ್ತೇವೆ. ಓಟಗಾರರಿಗೆ ಬೇಕಾದದ್ದು ಮೊದಲನೆಯದು. ಅದರಲ್ಲಿ ಮೀನಖಂಡದ ಸ್ನಾಯು ಹೆಚ್ಚುಕಡಿಮೆ ಇದ್ದಷ್ಟೇ ಉದ್ದದಲ್ಲಿ ಗಟ್ಟಿಯಾಗಿ ಹಿಡಿದಿರುತ್ತದೆ. ಹಿಗ್ಗಿ ಕುಗ್ಗುವ ಕೆಲಸ ಹಿಮ್ಮಡಿಯ ಮೇಲಿನ ಅಕಿಲಿಸ್ ಟೆಂಡನ್ನಿನದು.

ಸೋವಿಯತ್ ತರಬೇತುದಾರ ಯೂರಿ ವೆರ್ಖೊಶಾನ್‌ಸ್ಕಿ ಇದನ್ನು ತರಬೇತಿಗೆ ತಂದವರಲ್ಲಿ ಮುಖ್ಯರು. ಎತ್ತರದಿಂದ ಇಳಿದು, ನೆಲ ಮುಟ್ಟಿದ ಕೂಡಲೇ ಮೇಲಕ್ಕೆ ಹಾರುವ ಡೆಪ್ತ್ ಜಂಪ್ ಅವರದು. ಅವರು ಹೇಳಿದ ಎತ್ತರ 75 ಸೆಂ.ಮೀ.ನಿಂದ 110 ಸೆಂ.ಮೀ. ಅದು ವರ್ಷಗಟ್ಟಲೆ ಭಾರ ಎತ್ತಿ ಹದವಾದ ಅಥ್ಲೀಟ್‌ಗಳಿಗೆ ಹೇಳಿದ್ದು. ಈಗ ಜಿಮ್ಮಿಗೆ ಸೇರಿ ಮೂರು ವಾರ ಆದವರೂ ಅಷ್ಟೆತ್ತರದಿಂದ ಧುಮುಕುತ್ತಾರೆ. ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಪುನಶ್ಚೇತನದಲ್ಲಿ ನಾನು 15–20 ಸೆಂ.ಮೀ. ಮೆಟ್ಟಿಲಿನಿಂದ ಶುರು ಮಾಡುತ್ತೇನೆ. ಬಹಳ ಜನರಿಗೆ 30 ದಾಟುವ ಅಗತ್ಯವೇ ಬರುವುದಿಲ್ಲ.

ಇನ್ನೊಂದು ತಪ್ಪು ಕಲ್ಪನೆ ಬಾಕ್ಸ್ ಜಂಪ್ ಬಗ್ಗೆ. ಎತ್ತರದ ಪೆಟ್ಟಿಗೆ ಮೇಲೆ ಹಾರುವುದು ಕಾಲಿಗೆ ಭಾರ ಅಂತ ಹೆದರುತ್ತಾರೆ. ನಿಜ ಹೇಳಬೇಕೆಂದರೆ ಅದು ಕಾಲಿಗೆ ಸುಲಭ. ಮೇಲಕ್ಕೆ ಹೋಗಿ, ಅಲ್ಲೇ ಹತ್ತಿರದಲ್ಲಿ ಇಳಿಯುತ್ತೀರಿ. ಬೀಳುವ ದೂರ ಸ್ವಲ್ಪವೇ. ಪೆಟ್ಟು ಕೊಡುವುದು ಆಮೇಲೆ ಅದೇ ಪೆಟ್ಟಿಗೆಯಿಂದ ಸುಮ್ನೆ ಹಿಂದಕ್ಕೆ ನೆಗೆದು ಇಳಿಯುವುದು. ಅದನ್ನು ವ್ಯಾಯಾಮ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾರಿ ಹತ್ತಿ, ಕಾಲಿಟ್ಟು ಇಳಿಯಿರಿ.

ಲೆಕ್ಕ ಅಂದಾಗ ನೆನಪಾಯಿತು. ಹಾರುವ ವ್ಯಾಯಾಮದಲ್ಲಿ ಪಾದ ಎಷ್ಟು ಸಲ ನೆಲ ಮುಟ್ಟಿತು ಅಂತ ಎಣಿಸಬೇಕು. ಆರೋಗ್ಯವಾಗಿರುವ ಹೊಸಬರಿಗೆ ಒಂದು ದಿನಕ್ಕೆ 80ರಿಂದ 100 ಅನ್ನುವುದು ಬಳಕೆಯಲ್ಲಿರುವ ಮಿತಿ. ಗಾಯದಿಂದ ಬಂದವರಿಗೆ ನಾನು 30ರ ಆಸುಪಾಸಿನಲ್ಲಿ ಶುರು ಮಾಡುತ್ತೇನೆ. ನಡುವೆ ಎರಡು ದಿನ ಬಿಡುವು. ಟೆಂಡನ್ನಿಗೆ ಗಟ್ಟಿ ಕೆಲಸ ಕೊಟ್ಟ ಮೇಲೆ ಮೊದಲ ಒಂದು ದಿನ, ಒಂದೂವರೆ ದಿನ ಅದರ ಕೊಲಾಜನ್, ಅಂದರೆ ಅದಕ್ಕೆ ಗಟ್ಟಿತನ ಕೊಡುವ ನಾರಿನಂಥ ಪ್ರೋಟೀನ್, ಕಟ್ಟುವುದಕ್ಕಿಂತ ಕಳಚುವುದೇ ಜಾಸ್ತಿ. ಆಮೇಲೆ ಕಟ್ಟುವುದು ಮುಂದಾಗುತ್ತದೆ. ಕಳಚುವ ಹೊತ್ತಲ್ಲೇ ದಿನಾ ಹಾರಿದರೆ ಕಟ್ಟಲು ಬಿಡುವೆಲ್ಲಿ? ಮಂಡಿಚಿಪ್ಪಿನ ಕೆಳಗೆ ನೋವು ಬರುವ ಜಂಪರ್ಸ್ ನೀ ಬೆಳೆಯುವುದು ಹೀಗೇ. ನಾರ್ವೆಯ ಉನ್ನತ ಮಟ್ಟದ ಆಟಗಾರರಲ್ಲಿ ನಡೆದ, 2005ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಾಲಿಬಾಲ್ ಆಡುವವರಲ್ಲಿ ಶೇ. 45ರಷ್ಟು ಜನರಿಗೆ ಈ ತೊಂದರೆ ಇತ್ತು.

ವ್ಯಾಯಾಮದ ಹೊತ್ತಿನ ನೋವಿಗಿಂತ ಮರುದಿನ ಬೆಳಗಿನ ಮೊಣಕಾಲನ್ನು ನಾನು ಜಾಸ್ತಿ ನಂಬುತ್ತೇನೆ. ಊದಿದೆಯಾ, ಬಿಗಿದಿದೆಯಾ, ಮೆಟ್ಟಿಲು ಇಳಿಯುವಾಗ ನಿನ್ನೆಗಿಂತ ಕಷ್ಟವಾ? ಹೌದಾದರೆ ನಿನ್ನೆ ಜಾಸ್ತಿ ಆಯಿತು.

ಹುಡುಗಿಯ ವಿಷಯಕ್ಕೆ ಬರುತ್ತೇನೆ. ಟೂರ್ನಿ ಬೇಡ ಅಂದೆ. ಕೋಚ್ ಫೋನ್ ಮಾಡಿದರು. "ಟೇಪಿನಲ್ಲಿ ಪಾಸಾಗಿದ್ದಾಳಲ್ಲ ಮೇಡಂ" ಅಂದರು. "ಪಾಸಾಗಿರುವುದು ಅವಳ ಸೊಂಟ ಸರ್, ಮೊಣಕಾಲು ಅಲ್ಲ" ಅಂದೆ. ಆಪರೇಷನ್ ಆಗಿ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಮುಂದೂಡಿದ ಪ್ರತಿ ತಿಂಗಳಿಗೂ ಮತ್ತೆ ಮೊಣಕಾಲಿಗೆ ಗಾಯವಾಗುವ ಪ್ರಮಾಣ ಶೇ. 51ರಷ್ಟು ಇಳಿಯುತ್ತದೆ ಅಂತ 2016ರ ಅಧ್ಯಯನವೊಂದು ಹೇಳಿದ್ದನ್ನೂ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದರು.

ಮುಂದಿನ ಮೂರು ತಿಂಗಳು ಹಾರುವುದು ಕಡಿಮೆ, ಬಲ ತುಂಬುವುದು ಜಾಸ್ತಿ. ಕೂತು ಮೊಣಕಾಲು ನೇರ ಮಾಡಿ ಭಾರ ಎತ್ತುವ ಲೆಗ್ ಎಕ್ಸ್‌ಟೆನ್ಷನ್, ಒಂಟಿ ಕಾಲಲ್ಲಿ ಭಾರ ತಳ್ಳುವ ಲೆಗ್ ಪ್ರೆಸ್, ಎದೆ ಬಾಗಿಸದೆ ನಿಧಾನವಾಗಿ ಮೆಟ್ಟಿಲು ಇಳಿಯುವುದು. ಸೊಂಟ ನುಗ್ಗಿ ಸಹಾಯಕ್ಕೆ ಬರಲಾಗದ ಭಂಗಿಗಳನ್ನೇ ಹುಡುಕಿ ಕೊಟ್ಟೆ. ಬೇಸರದ ಕೆಲಸ. ಅವಳು ಒಂದು ದಿನವೂ ತಪ್ಪಿಸಲಿಲ್ಲ. ಹನ್ನೊಂದನೇ ತಿಂಗಳಲ್ಲಿ ಮತ್ತೆ ಫ್ರೇಮ್ ಎಣಿಸಿದೆವು. ಎಡ 107, ಬಲ 103. ಎತ್ತರದಲ್ಲಿ ನೂರಕ್ಕೆ 93. ಇಳಿದ ಸದ್ದಿನಲ್ಲೂ ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ.

"ಈಗ?" ಅಂದಳು.

ಚೆಂಡು ತೆಗೆದುಕೊಂಡೆ. ಎಸಿಎಲ್ ಹರಿಯುವುದು ಪಾದ ನೆಲ ಮುಟ್ಟಿ ಸುಮಾರು 40 ಮಿಲಿಸೆಕೆಂಡಿನೊಳಗೆ. ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಯೋಚಿಸಿ ಕಾಲು ಸರಿಮಾಡಿಕೊಳ್ಳಲು ಆಗುವುದಿಲ್ಲ. ನೆಲ ಮುಟ್ಟುವ ಮೊದಲೇ ಕಾಲು ತಯಾರಾಗಿರಬೇಕು. ಅದೂ ಕಣ್ಣು ಚೆಂಡಿನ ಮೇಲೆ, ಮನಸ್ಸು ಎದುರಾಳಿಯ ಮೇಲೆ ಇರುವಾಗ. ಅವಳು ಹಾರಿದ ಕೂಡಲೇ ಚೆಂಡನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಸೆಯುತ್ತಾ ಹೋದೆ. ಆರು ಸಲ ಚೆನ್ನಾಗಿ ಇಳಿದಳು. ಏಳನೆಯದರಲ್ಲಿ ಚೆಂಡು ತುಸು ದೂರ ಹೋಯಿತು. ಕೈ ಚಾಚಿ ಹಿಡಿದಳು, ಬಲಗಾಲಲ್ಲಿ ಇಳಿದಳು. ಮೊಣಕಾಲು ಬಗ್ಗಲಿಲ್ಲ, ಒಳಗೆ ವಾಲಿತು, ಟಪ್ ಅಂತ ಸದ್ದಾಯಿತು.

ಅವಳೇ ನನ್ನ ಮುಖ ನೋಡಿದಳು. "ಕೇಳಿಸಿತು ಮೇಡಂ" ಅಂದಳು. ಇನ್ನೂ ಮೂರು ವಾರ ಚೆಂಡಿನ ಕೆಲಸ ಅಂತ ಚೀಟಿಯಲ್ಲಿ ಬರೆದುಕೊಟ್ಟೆ.