ಓರೆ ಬೆಳಕಿನ ಮುಂದೆ ತರಿತರಿ ಗೋಡೆ

ಕೋಣೆಯ ನಡುವಿನ ದೀಪಕ್ಕೆ ನುಣ್ಣಗೆ ಕಾಣುವ ಗೋಡೆ, ಪಕ್ಕದ ಕಿಟಕಿಯಿಂದ ಸಂಜೆಯ ಬಿಸಿಲು ಸವರಿದೊಡನೆ ತನ್ನ ಉಬ್ಬುತಗ್ಗುಗಳನ್ನೆಲ್ಲ ಹೊರಹಾಕುತ್ತದೆ. ಆರು ಸೆಂಟಿಮೀಟರ್ ಉದ್ದಕ್ಕೆ ಒಂದು ಮಿಲಿಮೀಟರ್ ಏರಿದರೆ ಸುಮಾರು 1 ಡಿಗ್ರಿ ಇಳಿಜಾರು. ಬೆಳಕು ಎದುರಿನಿಂದ ಬಿದ್ದರೆ ಇಷ್ಟು ಇಳಿಜಾರಿನಿಂದ ಹೊಳಪಿನಲ್ಲಾಗುವ ವ್ಯತ್ಯಾಸ ಶೇ 0.02ಕ್ಕಿಂತ ಕಡಿಮೆ, ಕಣ್ಣಿಗೆ ಗೊತ್ತೇ ಆಗುವುದಿಲ್ಲ. ಅದೇ ಬೆಳಕು ಗೋಡೆಗೆ 5 ಡಿಗ್ರಿ ಕೋನದಲ್ಲಿ ಬಂದರೆ ವ್ಯತ್ಯಾಸ ಶೇ 20ರಷ್ಟಾಗುತ್ತದೆ!

ಅಮೆರಿಕದ ಮನೆಗಳ ಗೋಡೆಗಳು ಬಹುಪಾಲು ಜಿಪ್ಸಮ್ ಹಲಗೆಗಳವು. ಹಲಗೆಗಳ ಸಂದು ಕಾಣದಂತೆ ಮುಚ್ಚುವುದು ನಾಜೂಕಿನ ಕೆಲಸ. ಹೀಗಾಗಿ ಕಟ್ಟುವವರು ಗೋಡೆಯ ತುಂಬ ಕಿತ್ತಳೆ ಸಿಪ್ಪೆಯಂಥ ತರಿಯನ್ನು ಸಿಂಪಡಿಸಿಬಿಡುತ್ತಿದ್ದರು. ಎಲ್ಲೆಲ್ಲೂ ನೆರಳಿದ್ದರೆ ಸಂದಿನ ನೆರಳನ್ನು ಹುಡುಕುವವರು ಯಾರು? ಜಾಣತನವೇ, ಆದರೆ ಸೋಮಾರಿಯ ಜಾಣತನ. ಅಲ್ಲಿ ಹಳೆಯ ಮನೆ ಕೊಂಡ ಕನ್ನಡಿಗರೂ ಈಗ ಆ ತರಿಯನ್ನು ಜಾಯಿಂಟ್ ಕಾಂಪೌಂಡ್ ಬಳಿದು ಮುಚ್ಚುವ ಗೋಜಿಗೆ ಬಿದ್ದಿದ್ದಾರೆ.

ಡಬ್ಬದಲ್ಲಿ ಕಲಸಿಯೇ ಬರುವ ಈ ಲೇಪದಲ್ಲಿರುವುದು ಮುಖ್ಯವಾಗಿ ಸುಣ್ಣಕಲ್ಲಿನ ಪುಡಿ, ನೀರು, ಸ್ವಲ್ಪ ಅಂಟು. ಅದು ಗಟ್ಟಿಯಾಗುವುದು ನೀರು ಆರಿ. ಆರಿದ ನೀರಿನ ಜಾಗ ಖಾಲಿಯಾಗಿ ಲೇಪ ಕುಗ್ಗುತ್ತದೆ. ತೆಳುವಾದಲ್ಲಿ ಕಡಿಮೆ, ದಪ್ಪವಿದ್ದಲ್ಲಿ ಹೆಚ್ಚು. ಅಂದರೆ ತಗ್ಗಿದ್ದ ಕಡೆಯೇ ಮತ್ತೆ ತಗ್ಗು! ಲೆಕ್ಕಕ್ಕೆಂದು ಶೇ 20ರಷ್ಟು ಕುಗ್ಗುತ್ತದೆ ಎಂದುಕೊಳ್ಳಿ. 2 ಮಿ.ಮೀ. ಆಳದ ಗುಳಿಯನ್ನು ಮಟ್ಟಸವಾಗಿ ತುಂಬಿದರೂ 0.4 ಮಿ.ಮೀ. ತಗ್ಗು ಉಳಿಯುತ್ತದೆ, ಎರಡನೆಯ ಕೋಟ್‌ಗೆ 0.08, ಮೂರನೆಯದಕ್ಕೆ 0.016. ಒಂದೇ ದಪ್ಪ ಕೋಟ್‌ನಲ್ಲಿ ಮುಗಿಸುತ್ತೇನೆಂದು ಹೊರಟವರ ಗೋಡೆ ಬಿರುಕೂ ಬಿಡುತ್ತದೆ.

ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಜಾತಿಯೇ ಬೇರೆ. ಜಿಪ್ಸಮ್ಮನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಹರಳಿನೊಳಗಿನ ಮುಕ್ಕಾಲು ಪಾಲು ನೀರು ಹೋಗುತ್ತದೆ. ಆ ಪುಡಿಗೆ ನೀರು ಬೆರೆಸಿದರೆ ಅದು ನೀರನ್ನು ಮತ್ತೆ ಹರಳಿಗೆ ಸೇರಿಸಿಕೊಂಡು, ಸೂಜಿಯಂಥ ಹರಳುಗಳಾಗಿ ಹೆಣೆದುಕೊಂಡು, ಬಿಸಿಯಾಗಿ ಗಟ್ಟಿಯಾಗುತ್ತದೆ. ಕುಗ್ಗುವ ಬದಲು ತುಸು ಹಿಗ್ಗುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ಬಿಳಿ ಸಿಮೆಂಟ್ ಪುಟ್ಟಿಯೂ ನೀರಿನೊಡನೆ ರಾಸಾಯನಿಕವಾಗಿ ಕೂಡಿಯೇ ಗಟ್ಟಿಯಾಗುವಂಥದು. ಆಳದ ಗುಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸೇ ಲೇಸು. ಆದರೆ ಇವನ್ನು ಬಟ್ಟಲಲ್ಲಿ ಕಲಸಿಟ್ಟು ಹರಟೆಗೆ ಕೂರುವಂತಿಲ್ಲ, ಗಟ್ಟಿಯಾದ ಮೇಲೆ ತಿದ್ದುವುದೂ ಕಷ್ಟ. ಒಣಗಿದ ಜಾಯಿಂಟ್ ಕಾಂಪೌಂಡ್ ಒದ್ದೆ ಸ್ಪಂಜಿಗೂ ಕರಗಿ ನಯವಾಗುತ್ತದೆ. ಕೊನೆಯ ತೆಳು ಕೋಟ್‌ಗೆ ನನ್ನ ಮತ ಅದಕ್ಕೇ. ಸ್ಯಾಂಡ್ ಪೇಪರ್ ಉಜ್ಜಿದರೆ ಏಳುವ ನವಿರಾದ ಧೂಳೂ ಇದರಿಂದ ತಪ್ಪುತ್ತದೆ.

ಹಳೆಯ ಗೋಡೆಯ ಧೂಳಂತೂ ಇನ್ನೂ ಅಪಾಯ. ಅಮೆರಿಕದಲ್ಲಿ ಈ ಲೇಪಗಳಿಗೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್, ಬೆರೆಸುತ್ತಿದ್ದರು; ಅಂಥ ಗೋಡೆ ಲೇಪಗಳನ್ನು ನಿಷೇಧಿಸಿದ್ದು 1977ರಲ್ಲಿ. ಆ ಕಾಲದ ಮನೆಯಾದರೆ ಕೆರೆಯುವ ಮೊದಲೇ ಗೋಡೆಯ ಒಂದು ಚೂರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಬೇಕು. ಕಲ್ನಾರಿನ ಎಳೆ ಇದೆಯೆಂದು ಗೊತ್ತಾದರೆ ಆ ಕೆಲಸ ತರಬೇತಿ ಪಡೆದವರದು.