ಹಬಕ್ಕೂಕ: ಅಪ್ಪುಗೆಯೋ, ಗಿಡದ ಹೆಸರೋ?

ಹೀಬ್ರೂ ಪ್ರವಾದಿಗಳಲ್ಲಿ ಹೆಚ್ಚಿನವರ ಹೆಸರಲ್ಲೇ ದೇವರಿದ್ದಾನೆ. ಯೆಶಾಯ ಅಂದರೆ ‘ಯೆಹೋವನು ರಕ್ಷಿಸುತ್ತಾನೆ’, ಯೆಹೆಜ್ಕೇಲ ಅಂದರೆ ‘ದೇವರು ಬಲಪಡಿಸುತ್ತಾನೆ’. ಹಬಕ್ಕೂಕನೂ ಅಂಥ ಒಬ್ಬ ಪ್ರವಾದಿ, ಆದರೆ ಅವನ ಹೆಸರು ಹಾಗಲ್ಲ. ಹೀಬ್ರೂ ಬೈಬಲ್‌ನಲ್ಲಿ ಅದು ಬರುವುದೇ ಎರಡು ಸಲ, ಅದೂ ಅವನದೇ ಪುಸ್ತಕದಲ್ಲಿ. ಅಪ್ಪ ಯಾರು, ಊರು ಯಾವುದು ಎಂಬ ಮಾತೇ ಇಲ್ಲ. ಹಾಗಾಗಿ ಓದಿದವರೆಲ್ಲ ಹೆಸರಿನೊಳಗೇ ಅವನ ಕಥೆ ಹುಡುಕಿದರು.

ಹೀಬ್ರೂವಿನಲ್ಲಿ ಇದೇ ಅಕ್ಷರಗಳ ಒಂದು ಕ್ರಿಯಾಪದವಿದೆ, ಅರ್ಥ ‘ತಬ್ಬಿಕೊಳ್ಳು’. ಬೈಬಲನ್ನು ಲ್ಯಾಟಿನ್‌ಗೆ ತಂದ ಜೆರೋಮ್ ಅದನ್ನೇ ಹಿಡಿದರು. ತಬ್ಬುವವನು, ಇಲ್ಲವೇ ಕುಸ್ತಿಗೆ ಬಿದ್ದವನು ಅಂದರು. ಪುಸ್ತಕ ಓದಿದರೆ ಕುಸ್ತಿಯ ಮಾತು ಸರಿಯೇ ಅನ್ನಿಸುತ್ತದೆ. ಎಷ್ಟು ದಿನ ಕೂಗಬೇಕು, ಯಾಕೆ ಕೇಳಿಸಿಕೊಳ್ಳುತ್ತಿಲ್ಲ ಎಂದು ದೇವರನ್ನೇ ತರಾಟೆಗೆ ತೆಗೆದುಕೊಳ್ಳುತ್ತಾ ಅದು ಶುರುವಾಗುತ್ತದೆ.

ಯಹೂದಿ ಗ್ರಂಥ ಜೋಹರ್ ಇನ್ನೂ ಮುಂದೆ ಹೋಯಿತು. ಬೈಬಲ್‌ನಲ್ಲೊಂದು ಕಥೆಯಿದೆ. ಮುಂದಿನ ವರ್ಷ ಇಷ್ಟೊತ್ತಿಗೆ ನೀನು ಮಗನನ್ನು ತಬ್ಬಿಕೊಳ್ಳುತ್ತೀಯ ಎಂದು ಎಲೀಷ ಎಂಬ ಪ್ರವಾದಿ ಶೂನೇಮ್ ಊರಿನ ಹೆಂಗಸಿಗೆ ಹೇಳಿದ್ದ. ಆ ಮಗು ಸತ್ತಾಗ ಎಲೀಷ ಅದರ ಮೈಮೇಲೆ ಮೈಚಾಚಿ ಬದುಕಿಸಿದ. ಆ ಹುಡುಗನೇ ಹಬಕ್ಕೂಕ, ತಾಯಿಯದೊಂದು, ಪ್ರವಾದಿಯದೊಂದು, ಎರಡು ಅಪ್ಪುಗೆಯ ಮಗ ಎನ್ನುತ್ತದೆ ಜೋಹರ್. ಕಥೆ ತುಂಬಾ ಚೆನ್ನಾಗಿದೆ. ಆದರೆ ಕಾಲ ಕೂಡಿಬರುವುದಿಲ್ಲ. ಎಲೀಷ ಕ್ರಿ.ಪೂ. 9ನೇ ಶತಮಾನದವನು. ಹಬಕ್ಕೂಕ ಕಸ್ದೀಯರ, ಅಂದರೆ ಬಾಬಿಲೋನಿನವರ, ದಂಡಿನ ಬಗ್ಗೆ ಹೇಳುತ್ತಾನೆ. ಅದು 7ನೇ ಶತಮಾನದ ಕೊನೆಯ ಮಾತು. ನಡುವೆ ಸುಮಾರು 200 ವರ್ಷ!

ಜರ್ಮನಿಯ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರ್ ಕೂಡ ಅಪ್ಪುಗೆಯನ್ನೇ ಒಪ್ಪಿದರು. ಅಳುವ ಮಗುವನ್ನು ಎದೆಗೊತ್ತಿಕೊಂಡಂತೆ ಈ ಪ್ರವಾದಿ ತನ್ನ ಜನರನ್ನು ಸಂತೈಸುತ್ತಾನೆ ಎಂದರು.

ಅಕ್ಕಾಡಿಯನ್ ಈಗಿನ ಇರಾಕಿನ ಕಡೆಯ ಹಳೆಯ ಭಾಷೆ. ಮಣ್ಣಿನ ಹಲಗೆಗಳ ಮೇಲಿನ ಅದರ ಬರಹವನ್ನು ಓದಲು ಕಲಿತ ಮೇಲೆ ವಿಷಯ ಬದಲಾಯಿತು. ಆ ಭಾಷೆಯಲ್ಲಿ ‘ಹಬ್ಬಕೂಕು’ ಎಂದರೆ ತೋಟದ ಒಂದು ಗಿಡ. ‘ಹಂಬಕೂಕು’ ಎಂಬ ರೂಪವೂ ಇದೆ. ಹಳೆಯ ಗ್ರೀಕ್ ಬೈಬಲ್ ಈ ಪ್ರವಾದಿಯನ್ನು ‘ಅಂಬಕೂಮ್’ ಎನ್ನುತ್ತದೆ. ಹೀಬ್ರೂವಿನಲ್ಲಿಲ್ಲದ ಮಕಾರ ಅಲ್ಲಿ ನಡುವೆ ಕೂತಿದೆ, ಗಮನಿಸಿ. ಅರಬ್ಬಿಯಲ್ಲೂ ‘ಹಬಕ್’ ಅಂದರೆ ಕಾಮಕಸ್ತೂರಿ, ಪುದೀನದಂಥ ಪರಿಮಳದ ಗಿಡ.

ನನಗೆ ಗಿಡದ ವಾದವೇ ಗಟ್ಟಿ ಅನ್ನಿಸುತ್ತದೆ. ಗಿಡಮರದ ಹೆಸರಿಡುವುದು ಆ ಜನಕ್ಕೆ ಹೊಸದಲ್ಲ. ಬೈಬಲ್‌ನಲ್ಲಿ ಬರುವ ತಾಮಾರ್ ಎಂಬ ಹೆಣ್ಣಿನ ಹೆಸರಿಗೆ ಅರ್ಥ ಖರ್ಜೂರದ ಮರ, ಅಲ್ವಾ? ಯೆರೂಸಲೇಮ್ ರಾಜಧಾನಿಯಾಗಿದ್ದ ಯೆಹೂದ ರಾಜ್ಯವಂತೂ ಆ 7ನೇ ಶತಮಾನದಲ್ಲಿ ಬಹುಕಾಲ ಅಶ್ಶೂರ, ಅಂದರೆ ಅಸ್ಸೀರಿಯ, ಸಾಮ್ರಾಜ್ಯಕ್ಕೆ ಕಪ್ಪ ಕೊಡುತ್ತಿತ್ತು. ಅಶ್ಶೂರದವರ ಭಾಷೆಗಳಲ್ಲಿ ಅಕ್ಕಾಡಿಯನ್ನೂ ಒಂದು. ಅಲ್ಲಿಯ ಒಂದು ಗಿಡದ ಹೆಸರು ಯೆರೂಸಲೇಮಿನ ಕಡೆಯ ಮನೆಯೊಂದಕ್ಕೆ ಬಂದಿದ್ದರೆ ಆಶ್ಚರ್ಯವೇನಿಲ್ಲ.