ಗರ್ಭಕಂಠದ ಕ್ಯಾನ್ಸರ್ ಟೆಸ್ಟ್‌ಗೆ ಹೋದರೆ ನೋವಾಗುತ್ತಾ?

ಪ್ರಶ್ನೆ: ನನಗೆ 38 ವರ್ಷ, ಸಕಲೇಶಪುರದ ಕಡೆಯವಳು. ತೊಂದರೆ ಏನೂ ಇಲ್ಲ. ಆದರೂ ಆಶಾ ಅಕ್ಕ ಗರ್ಭಕೋಶದ ಬಾಯಿ ಟೆಸ್ಟ್ ಮಾಡಿಸು ಅಂತಾರೆ. ನೋವಾಗುತ್ತಾ? ನಾಚಿಕೆ ಬೇರೆ.

ನೋವು ಅಷ್ಟಿಲ್ಲ, ಮುಜುಗರವೇ ಜಾಸ್ತಿ. ತೊಂದರೆ ಇಲ್ಲದಾಗಲೇ ಮಾಡಿಸಬೇಕಾದ ಟೆಸ್ಟ್ ಇದು. ಈ ಕ್ಯಾನ್ಸರ್ ತರುವ ಎಚ್‌ಪಿವಿ ವೈರಸ್ ಒಳಗೆ ಉಳಿದುಕೊಂಡರೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಹಿಡಿಯುತ್ತದೆ, ಆ ನಡುವೆ ಸಿಕ್ಕರೆ ಅಲ್ಲೇ ತಡೆಯಬಹುದು.

ಸರ್ಕಾರಿ ಆಸ್ಪತ್ರೆಗಳಲ್ಲಿ 30 ದಾಟಿದವರಿಗೆ ಮಾಡುವುದು ಹೆಚ್ಚಾಗಿ ವಿಐಎ ಅನ್ನುವ ಟೆಸ್ಟ್. ಒಳಗೆ ಕಾಣುವಂತೆ ಯೋನಿಯನ್ನು ಅಗಲಿಸಿ ಹಿಡಿಯುವ ಸ್ಪೆಕ್ಯುಲಮ್ ಅನ್ನುವ ಸಾಧನ ಹಾಕಿ, ವಿನೆಗರ್‌ನಲ್ಲಿರುವ ಅಸಿಟಿಕ್ ಆಸಿಡನ್ನೇ ಗರ್ಭಕೋಶದ ಬಾಯಿಗೆ ತೆಳ್ಳಗೆ ಹಚ್ಚಿ, ಒಂದು ನಿಮಿಷ ಕಾದು ನೋಡುತ್ತಾರೆ. ಬದಲಾದ ಜಾಗ ಬೆಳ್ಳಗೆ ಕಾಣುತ್ತದೆ. ಸ್ವಲ್ಪ ಉರಿ ಆಗಬಹುದು, ಅಷ್ಟೇ. ಮುಟ್ಟಿನ ದಿನ ಬಿಟ್ಟು ಹೋಗಿ.

ಆದರೆ ಆ ಕೆಲವು ನಿಮಿಷ ಹೇಗೆ ಕಳೆಯುತ್ತದೆ ಅನ್ನುವುದು ತುಂಬಾ ಮಟ್ಟಿಗೆ ಸಿಸ್ಟರ್ ಕೈಯಲ್ಲಿದೆ. ‘ಈಗ ಹಾಕ್ತೀನಿ, ಉಸಿರು ಬಿಡಮ್ಮ’ ಅಂತ ಹೇಳಿ ಮಾಡುವವರ ಹತ್ತಿರ ಮೈ ತಾನೇ ಸಡಿಲವಾಗುತ್ತದೆ. ‘ಸುಮ್ನೆ ಮಲಗು, ಇಷ್ಟಕ್ಕೇ ಹೆದರ್ತೀಯಾ’ ಅಂತ ಗದರಿದರೆ ಬಿಗಿಯಾಗುತ್ತದೆ, ನೋವೂ ಆಗುತ್ತದೆ. ಹೆಂಗಸರು ಬರುವುದಿಲ್ಲ ಅಂತ ದೂರುವ ಮೊದಲು ಕೋಣೆಗೆ ಪರದೆ ಇದೆಯಾ, ಬಾಗಿಲು ಹಾಕಿದೆಯಾ ಅಂತ ನೋಡಬೇಕು ಅಲ್ವಾ? ಚಿಕ್ಕ ಸ್ಪೆಕ್ಯುಲಮ್ ಕೇಳಿ, ಹೆಣ್ಣು ಸಿಬ್ಬಂದಿಯೇ ಮಾಡಲಿ ಅನ್ನಿ, ಸಾಕು ಅನಿಸಿದರೆ ನಿಲ್ಲಿಸಿ ಅನ್ನಿ. ಅದು ನಿಮ್ಮ ಹಕ್ಕು. ಊರಿನ ಸಿಸ್ಟರ್ ಗುರುತಿನವರು, ದಿನಾ ಎದುರಾಗುತ್ತಾರೆ ಅಂತ ಸಂಕೋಚವಿದ್ದರೆ ಹಾಸನದ ಮೆಡಿಕಲ್ ಕಾಲೇಜು ಆಸ್ಪತ್ರೆಯ ಹೆರಿಗೆ-ಸ್ತ್ರೀರೋಗ ವಿಭಾಗಕ್ಕೆ ಹೋಗಿ ವಿಚಾರಿಸಬಹುದು. ಒಂದು ದಿನದ ಕೂಲಿ ಹೋಗುತ್ತದೆ ನಿಜ.

ಬೆಳ್ಳಗೆ ಕಂಡಿತು ಅಂದರೆ ಕ್ಯಾನ್ಸರ್ ಬಂತು ಅಂತಲ್ಲ, ಸೋಂಕಿದ್ದರೂ ಹಾಗೆ ಕಾಣಬಹುದು. ಕಾಲ್ಪೋಸ್ಕೋಪಿಯಲ್ಲಿ, ಅಂದರೆ ದೊಡ್ಡದಾಗಿ ತೋರಿಸುವ ಯಂತ್ರದಲ್ಲಿ ನೋಡಿ, ಬೇಕಾದರೆ ಆ ಜಾಗವನ್ನಷ್ಟೇ ಸುಡುತ್ತಾರೆ ಅಥವಾ ತಣ್ಣಗೆ ಹೆಪ್ಪುಗಟ್ಟಿಸಿ ನಾಶ ಮಾಡುತ್ತಾರೆ. ಇದೊಂದೇ ಕಾರಣಕ್ಕೆ ಗರ್ಭಕೋಶ ತೆಗೆಸಿ ಅಂತ ಯಾರಾದರೂ ಅಂದರೆ ಒಪ್ಪಬೇಡಿ, ಇನ್ನೊಬ್ಬ ಡಾಕ್ಟರ್‌ಗೆ ತೋರಿಸಿ. ಏನೂ ಕಾಣದಿದ್ದರೆ ಮತ್ತೆ 5 ವರ್ಷಕ್ಕೆ ಹೋದರೆ ಸಾಕು.

ಮಧ್ಯೆ ಗಂಡನ ಜೊತೆ ಸೇರಿದ ಮೇಲೆ ರಕ್ತ ಕಂಡರೆ ಅಥವಾ ಮುಟ್ಟು ನಿಂತ ಮೇಲೂ ರಕ್ತ ಹೋದರೆ, 5 ವರ್ಷ ಆಗಲಿ ಅಂತ ಕಾಯಬೇಡಿ. ಅದೇ ವಾರ ಡಾಕ್ಟರ್ ಹತ್ತಿರ ಹೋಗಿ.